ಜರ್ಮನ್ ನರಿ
ಗೋಕಾಕದ ದಸ್ತಗೀರಸಾಬ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಬಳಿಯುತ್ತಿದ್ದ. ಬಣ್ಣದ ಡಬ್ಬಿಗಳು ಜರ್ಮನಿಯಿಂದ ಬರುತ್ತಿದ್ದವು. ಅವುಗಳಿಗೆ ಸುತ್ತಿದ್ದ ಚಿತ್ರಪತ್ರಿಕೆಯ ಹಾಳೆಗಳೇ ಅವನ ಪಾಠಶಾಲೆ. ಅವುಗಳಲ್ಲಿ ತೋಳವೊಂದು ನ್ಯಾಯಾಧೀಶನ ನಿಲುವಂಗಿ ತೊಟ್ಟು ಕುರಿಗಳ ವಿಚಾರಣೆ ನಡೆಸುತ್ತಿತ್ತು. ಒಂದಕ್ಷರ ಓದಲು ಬಾರದಿದ್ದರೂ ಕಥೆ ಅವನಿಗೆ ಚೆನ್ನಾಗಿ ತಿಳಿಯಿತು. ಅಂದಿನಿಂದ ಅವನ ಗೊಂಬೆ ನರಿಗಳೆಲ್ಲ ತಾಲೂಕನ್ನಾಳುವ ನಮ್ಮ ಮಾಮಲೇದಾರರ ರುಮಾಲು ಸುತ್ತಿಕೊಂಡೇ ಹುಟ್ಟಿದವು. ಇದು ಯಾರೆಂದು ಕೇಳಿದವರಿಗೆ, "ಜರ್ಮನ್ ನರಿ ರೀ, ನಮ್ಮೂರಿಂದಲ್ಲ," ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದ. ೧೯೧೪ರಲ್ಲಿ ಜರ್ಮನಿಯೊಡನೆ ಯುದ್ಧ ಹತ್ತಿದ ಕೂಡಲೇ ಫೌಜದಾರ ಬಂದು ಗದರಿದ: "ವೈರಿಗಳ ನರಿ ಮಾರತೀಯೇನಲೇ? ನಡಿ ಜೇಲಿಗೆ!" ದಸ್ತಗೀರಸಾಬ ಮೊದಲ ಸಲ ನಿಜ ನುಡಿದ: "ತಪ್ಪಾತ್ರಿ ಸಾಹೇಬ್ರ, ಇವರು ಖರೆ ನಮ್ಮ ಮಾಮಲೇದಾರರು." ಪಂಚನಾಮೆಯಲ್ಲಿ ಹಾಗೆ ಬರೆಯಲು ಯಾರಿಗೆ ಧೈರ್ಯ? ಫೌಜದಾರ ನರಿಯನ್ನು ತಿರುಗಿಸಿ ನೋಡಿ, "ಹಂಗಾದ್ರ ಅವರ ಮೀಸಿ ಇನ್ನಷ್ಟು ದಪ್ಪ ಬೇಕಲೇ," ಎಂದು ಹೊರಟುಹೋದ.