ತೋಳಿನ ಸುಕ್ಕು

ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವವಳಿಗೆ ಎಲ್ಲರೂ ಇಟ್ಟ ಹೆಸರು ಕೆಂಡಕ್ಕ. ಇಸ್ತ್ರಿಪೆಟ್ಟಿಗೆಯ ಕೆಂಡಕ್ಕಿಂತ ಅವಳ ನಾಲಿಗೆಯೇ ಬಿಸಿ. ಜೇಬಿನಲ್ಲಿ ಪೆನ್ನು ಬಿಟ್ಟು ಬಟ್ಟೆ ಕೊಟ್ಟರೆ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಾಳೆ. ಸೋಂಕಿನ ವರ್ಷ ಆಸ್ಪತ್ರೆಗೆ ಹೋದ ಅವಳ ಗಂಡ ತಿರುಗಿ ಬರಲಿಲ್ಲ. ಹೆಣದ ಮುಖವನ್ನೂ ಯಾರೂ ತೋರಿಸಲಿಲ್ಲ. ಅವಳು ಅತ್ತಿದ್ದನ್ನು ಕಾಣದ ಬೀದಿಯವರು ಕಲ್ಲೆದೆಯವಳು ಎಂದರು. ಬೀದಿಗೇನು, ಕಣ್ಣಿಗೆ ಕಾಣುವ ಕಣ್ಣೀರೇ ಬೇಕು. ಆದರೆ ಬಟ್ಟೆಯ ಗಂಟು ಬಿಚ್ಚಿದರೆ ಸಾಕು, ಯಾವ ಮನೆಯಲ್ಲಿ ಯಾರಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಆ ಮನೆಯವರನ್ನು ಅವಳು ಬೈಯುತ್ತಿರಲಿಲ್ಲ, ಏನಾಯಿತೆಂದು ಕೆದಕುತ್ತಲೂ ಇರಲಿಲ್ಲ.

ಬಸ್ ಕಂಡಕ್ಟರನ ಗಂಟಿನಲ್ಲಿ ಅವನ ಅಣ್ಣನ ಅಂಗಿಗಳು ಬರದೆ ಎಷ್ಟೋ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವನು ನೀಲಿ ಅಂಗಿಯೊಂದನ್ನು ತಂದು ಮೇಜಿನ ಮೇಲಿಟ್ಟ.

"ಅಣ್ಣಂದು. ಅವನು ಬಿಚ್ಚಿ ಹಾಕಿದಾಗಿಂದ ಗೂಟದಲ್ಲೇ ಇತ್ತು. ಒಂದ್ಸಲ ಇಸ್ತ್ರಿ ಎಳೆದುಕೊಡಕ್ಕ, ನೀಟಾಗಿ ಎತ್ತಿಡ್ತೀನಿ."

ಕೆಂಡಕ್ಕ ತೋಳನ್ನು ಬಿಡಿಸಿ ನೋಡಿದಳು. ಮೊಣಕೈ ಮಡಚುವ ಕಡೆ ಸುಕ್ಕುಗಳು ಹಾಗೇ ಇದ್ದವು. ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು.

"ಇದಕ್ಕೆ ಇಸ್ತ್ರಿ ಮಾಡಲ್ಲ, ತಗೊಂಡ್ಹೋಗು."

"ಯಾಕಕ್ಕ?"

"ಈ ಸುಕ್ಕು ನಿಮ್ಮಣ್ಣನ ಕೈ ಮಾಡಿದ್ದು ಕಣೋ. ನಮ್ಮೆಜಮಾನ್ರ ಅಂಗೀನೂ ಹಿಂಗೇ ನೇತಾಡ್ತಿತ್ತು. ಹಾಳು ಅಭ್ಯಾಸ, ಇಸ್ತ್ರಿ ಎಳೆದುಬಿಟ್ಟೆ."

ಅವಳು ಅಂಗಿಯನ್ನು ಹಗುರವಾಗಿ ಎತ್ತಿ ಅವನ ಕೈಗಿಟ್ಟಳು.

"ನಮ್ಮನೇಲಿರೋದು ಈಗ ಯಾರ ಅಂಗಿಯಾದ್ರೂ ಆಗಬಹುದು."