ಪ್ರಾಗ್ ನಗರದ ಮೇಲೆ ವೀರಣ್ಣನವರ ತೀರ್ಪು

ಅಮೆರಿಕದ ಬೇ ಏರಿಯಾದ ಕನ್ನಡದವರಲ್ಲಿ ಯಾರೇ ಪ್ರಾಗ್ ನೋಡಲು ಹೊರಟರೂ ವೀಸಾಕ್ಕಿಂತ ಮೊದಲು ವೀರಣ್ಣನವರ ಅಪ್ಪಣೆ ಪಡೆಯಬೇಕಿತ್ತು. ಗದಗಿನಲ್ಲಿ ಹುಟ್ಟಿ, ಗಿಲ್‌ರಾಯ್‌ನಲ್ಲಿ ಮನೆ ಮಾಡಿ, ದಿನಾ ಎಪ್ಪತ್ತು ಮೈಲಿ ಕಾರು ಓಡಿಸಿಕೊಂಡು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನ ಯಂತ್ರಗಳನ್ನು ರಿಪೇರಿ ಮಾಡಲು ಹೋಗುವ ಈ ಐವತ್ಮೂರರ ಮಹನೀಯರು ಆರು ವರ್ಷದ ಹಿಂದೆ ಆ ಊರಲ್ಲಿ ನಾಲ್ಕು ದಿನ ಇದ್ದು ಬಂದಿದ್ದರು. ಅಷ್ಟು ಸಾಕಾಗಿತ್ತು. ಬೆಳಗಿನ ಫ್ರೀವೇ ಟ್ರಾಫಿಕ್ಕಿನಲ್ಲಿ ಅವರ ಕಾರಿನ ಸೀಟೇ ಸಿಂಹಾಸನ. ಫೋನು ಮಾಡಿದವರಿಗೆ, ಸ್ಯಾನ್ ಹೋಸೆ ದಾಟುವುದರೊಳಗೆ ಸಾವಿರ ವರ್ಷದ ನಗರವನ್ನು ಕೆಡವಿ ಗುಡ್ಡೆ ಹಾಕಿ ಕೊಡುತ್ತಿದ್ದರು.

ಈ ಭಾನುವಾರ ಸಿಂಹಾಸನ ಮನೆಯ ಸೋಫಾಕ್ಕೆ ಬಂದಿತ್ತು. ಲಾಸ್ ಗ್ಯಾಟೋಸ್‌ನಲ್ಲಿರುವ ಉಡುಪಿಯ ಸರ್ವೋತ್ತಮ, ಇಪ್ಪತ್ತು ವರ್ಷದ ಗೆಳೆಯ, ಹೆಂಡತಿ ಸ್ನೇಹಲತಾಳ ಜೊತೆ ಗಿಲ್‌ರಾಯ್‌ನ ಔಟ್‌ಲೆಟ್ ಅಂಗಡಿಗಳಲ್ಲಿ ಸೂಟ್‌ಕೇಸು ಕೊಂಡು, ಚಹಾಕ್ಕೆಂದು ಬಂದಿದ್ದ. ಗುರುವಾರ ಇಬ್ಬರೂ ಪ್ರಾಗಿಗೆ. ಸ್ನೇಹಲತಾ ಉಪದೇಶ ಬರೆದುಕೊಳ್ಳಲು ಫೋನು ತೆರೆದು ಕೂತಿದ್ದಳು.

"ಆ ಹಳೇ ಕಲ್ಲಿನ ಸೇತುವಿ ಮ್ಯಾಲೆ ಹೋಗಬ್ಯಾಡ್ರಿ," ಎಂದು ವೀರಣ್ಣ ಶುರು ಮಾಡಿದರು. "ಒಬ್ಬರ ಬಗಲಾಗ ಇನ್ನೊಬ್ಬರ ಮಾರಿ. ಬೆವರು, ಬೀರು, ಸುಟ್ಟ ಸಕ್ಕರಿ, ಎಲ್ಲಾ ಕೂಡಿ ಒಂದ ವಾಸನಿ. ಮೂಗು ಮುಚ್ಚಿಕೊಂಡ ದಾಟಬೇಕು."

ಇದನ್ನು ಹೇಳುವಾಗ ಕಿಟಕಿಯಿಂದ ಗಿಲ್‌ರಾಯ್‌ನ ಬೆಳ್ಳುಳ್ಳಿ ಕಾರ್ಖಾನೆಗಳ ಘಾಟು ಗಮ್ಮೆಂದು ಬರುತ್ತಿತ್ತು. ಅದು ಅವರ ಮೂಗಿಗೆ ಎಂದೋ ಹೊಂದಿಕೊಂಡಿತ್ತು.

"ಚೌಕದ ಆ ಹಳೆಯ ಗಡಿಯಾರ?" ಎಂದ ಸರ್ವೋತ್ತಮ.

"ತಾಸಿಗೊಮ್ಮೆ ಎರಡು ಕಿಟಕಿ ತಗೀತಾವ. ಬೊಂಬಿ ಹಣಿಕಿ ಹಾಕ್ತಾವ. ಒಂದು ಎಲುಬಿನ ಹಂದರ ಗಂಟಿ ಬಾರಸ್ತೈತಿ. ಅದಕ್ಕ ಸಾವಿರ ಮಂದಿ ಬಾಯಿ ತಕ್ಕೊಂಡು ನಿಂತಿರ್ತಾರ. ನಮ್ಮೂರಾಗ ಹಂಗ ನಿಂತ್ರ ದವಾಖಾನಿಗೆ ಕರಕೊಂಡು ಹೋಗ್ತಾರ."

"ಗುಡ್ಡದ ಮೇಲೆ ಕೋಟೆ ಉಂಟಲ್ಲ ಮಾರಾಯ?"

"ಕಲ್ಲು. ಬರೇ ಕಲ್ಲು. ಒಳಗ ಏನೂ ಇಲ್ಲ."

ಸ್ನೇಹಲತಾ 'ಕೋಟೆ ಬೇಡ' ಎಂದು ಬರೆದುಕೊಂಡಳು. ಚಹಾ ತಂದ ಭುವನೇಶ್ವರಿ ಗಂಡನನ್ನು ಒಮ್ಮೆ ನೋಡಿ, ಕಪ್ಪುಗಳನ್ನು ಹಂಚಿ ಕೂತರು.

"ಊಟದ ಚಿಂತೆ ಇಲ್ಲ," ಎಂದಳು ಸ್ನೇಹಲತಾ. "ಇವರಿಗೆ ಎರಡು ದಿನ ಕುಚ್ಚಲಕ್ಕಿ ಗಂಜಿ ತಪ್ಪಿದರೆ ಮನುಷ್ಯರೇ ಅಲ್ಲ. ಅದಕ್ಕೆ ಮನೆಯ ರೈಸ್ ಕುಕ್ಕರನ್ನೇ ಒಯ್ಯುವುದು. ಅಲ್ಲಿಯ ಗೋಡೆಯ ತೂತಿಗೆ ಹೊಂದುವ ಪ್ಲಗ್ಗೂ ಇವತ್ತು ಸಿಕ್ಕಿತು."

ವೀರಣ್ಣನವರ ಕೈಯ ಬಿಸ್ಕೀಟು ಮುರಿದು ಚಹಾದಲ್ಲಿ ಬಿತ್ತು.

ಆರು ವರ್ಷದ ಹಿಂದೆ ಅವರೂ ಅಂಥದೇ ಪ್ಲಗ್ಗು ಒಯ್ದಿದ್ದರು. ಪ್ರಾಗಿನ ಎರಡನೆಯ ಬೆಳಿಗ್ಗೆ, ಹಳೆಯ ಅತಿಥಿಗೃಹದ ಮೂರನೇ ಮಹಡಿಯಲ್ಲಿ, ಅಮೆರಿಕದ ಕುಕ್ಕರಿಗೆ ಸೋನಾಮಸೂರಿ ಹಾಕಿ ಯುರೋಪಿನ ಗೋಡೆಗೆ ಚುಚ್ಚಿದ್ದರು. ಪ್ಲಗ್ಗು ಹೊಂದಿತು, ಕರೆಂಟು ಹೊಂದಲಿಲ್ಲ. ನೂರಿಪ್ಪತ್ತು ವೋಲ್ಟಿನ ಪ್ರಾಣಿಗೆ ಇನ್ನೂರಮೂವತ್ತು ಕುಡಿಸಿದಂತಾಯಿತು. ಒಂದು ಢಂ, ಒಂದು ನೀಲಿ ಮಿಂಚು, ಆಮೇಲೆ ಇಡೀ ಕಟ್ಟಡ ಕತ್ತಲು. ಕೆಳಗಿದ್ದ ಹಲ್ಲಿನ ಡಾಕ್ಟರ ಡ್ರಿಲ್ಲು ಯಾರದೋ ಬಾಯೊಳಗೇ ನಿಂತಿತು. ಸುಟ್ಟ ಪ್ಲಾಸ್ಟಿಕ್ಕು, ಅರೆಬೆಂದ ಅನ್ನ ಕೂಡಿದ ಆ ನಾತ ಪರದೆಗಳಿಗೆ ಹತ್ತಿತು. ಫ್ಯೂಸ್ ಪೆಟ್ಟಿಗೆ ಅಜ್ಜನ ಕಾಲದ್ದು, ಎಲೆಕ್ಟ್ರಿಷಿಯನ್ನೂ ಅಜ್ಜನೇ. ಅತಿಥಿಗೃಹದ ಯಜಮಾನತಿಯ ಕಣ್ಣು ತಪ್ಪಿಸಲಾರದೆ ವೀರಣ್ಣ ಉಳಿದ ಎರಡೂವರೆ ದಿನವೂ ಅವನಿಗೆ ಟಾರ್ಚು ಹಿಡಿದರು. ಗದಗಿನ ಇನ್ನೂರಮೂವತ್ತು ವೋಲ್ಟಿನಲ್ಲೇ ಬೆಳೆದು, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಯಂತ್ರಗಳ ವೈದ್ಯನಾಗಿ ಉಣ್ಣುವ ಮನುಷ್ಯ. ಆ ಊರಿನ ಮೇಲೆ ಹೇಸಿಗೆ ಹುಟ್ಟಿದ್ದು ಅಲ್ಲಿ.

ಈಗ ಬಾಯಿಬಿಟ್ಟರೆ ಸಿಂಹಾಸನ ಹೋಯಿತು. ಬಿಡದಿದ್ದರೆ ಗೆಳೆಯ ಇಳಿಯುವ ಕಟ್ಟಡ ಹೋಯಿತು. ಮಹಾವೀರರು ಮೊದಲು ಕಳ್ಳದಾರಿ ಹಿಡಿದರು.

"ಕುಕ್ಕರ್ ಬ್ಯಾಡ. ಆ ಊರ ನೀರಾಗ ಅನ್ನ ಬೇಯೂದಿಲ್ಲ."

"ಬೀರು ಅದೇ ನೀರಿನಲ್ಲಿ ಮಾಡುವುದಲ್ವಾ ಮಾರಾಯ?"

"ವಾಸನಿ ಬಂದ್ರ ಮಾಲಕರು ಬೈತಾರ."

"ಕಿಟಕಿ ತೆಗೆದಿಟ್ಟರಾಯ್ತು," ಎಂದಳು ಸ್ನೇಹಲತಾ. "ಕುಚ್ಚಲಕ್ಕಿಗೆ ಒಂದು ಗಂಟೆ ಬೇಕು. ಸ್ವಿಚ್ಚು ಹಾಕಿ ತಿರುಗಾಡಿಕೊಂಡು ಬರುವುದು ಅಂತ."

ಬಾಗಿಲು ಹಾಕಿ ಹೋದ ಕೋಣೆಯಲ್ಲಿ ಕುಕ್ಕರು ಏನಾಗುತ್ತದೆ ಎಂಬುದು ವೀರಣ್ಣನವರ ಕಣ್ಣಿಗೆ ಕಟ್ಟಿತು. ಎದ್ದು ಅಡುಗೆಮನೆಗೆ ಹೋಗಿ ತಮ್ಮ ಕುಕ್ಕರನ್ನು ತಂದು ಬುಡಮೇಲು ಮಾಡಿ, ತಳದ ಚೀಟಿಯನ್ನು ಸರ್ವೋತ್ತಮನ ಮೂಗಿಗೆ ಹಿಡಿದರು.

"ಓದು. ನೂರಿಪ್ಪತ್ತು. ಅಲ್ಲಿ ಇನ್ನೂರಮೂವತ್ತು. ಪ್ಲಗ್ಗು ತೂತಿಗೆ ಹೋಗ್ತೈತಿ, ಕುಕ್ಕರ್ ಸುಡುಗಾಡಿಗೆ ಹೋಗ್ತೈತಿ. ನಾ ಸುಟ್ಟೀನಿ. ಮನಿ ತುಂಬ ಕತ್ತಲಾತು. ಎರಡೂವರೆ ದಿನ ಟಾರ್ಚ್ ಹಿಡದು ನಿಂತೆ."

ಸರ್ವೋತ್ತಮ ಚೀಟಿಯನ್ನು ಬೆರಳಿಟ್ಟು ಓದಿದ. "ನೀನು ಎಲೆಕ್ಟ್ರಿಕಲ್ ಅಲ್ವಾ?"

"ಹೌದು."

"ನಗುವುದಿಲ್ಲ ಮಾರಾಯ," ಎಂದವನು ಸೋಫಾದಿಂದ ಜಾರುವಷ್ಟು ನಕ್ಕ.

ಸ್ನೇಹಲತಾಳಿಗೆ ಲೆಕ್ಕ ಸಿಕ್ಕಿತು. "ಹಾಗಾದರೆ ಕೋಟೆಯೊಳಗೆ ಏನೂ ಇಲ್ಲ ಅಂದದ್ದು?"

ವೀರಣ್ಣ ಕುಕ್ಕರನ್ನು ಅಸಹ್ಯದಿಂದ ನೆಲಕ್ಕಿಟ್ಟರು. "ಟಾರ್ಚ್ ಹಿಡದು ನಿಂತ ಮೆಟ್ಟಲ ಮ್ಯಾಲಿನ ಕಿಟಕಿಯಿಂದ ಕಾಣ್ತಿತ್ತು. ಕಲ್ಲ ಕಾಣ್ತಿತ್ತು."

"ನಾ ನೋಡೀನಿ," ಎಂದರು ಭುವನೇಶ್ವರಿ.

ಮೂವರೂ ತಿರುಗಿದರು.

"ಇವ್ರು ಟಾರ್ಚ್ ಹಿಡಕೊಂಡು ನಿಂತಿದ್ರಲ್ಲ, ಕತ್ತಲಾಗ ಕೂತು ಏನ್ ಮಾಡ್ಲಿ? ಒಬ್ಬಾಕಿನ ಹೋದೆ. ಎರಡ ದಿನ ಹೋದೆ."

"ನನಗ ಹೇಳಲಿಲ್ಲ?" ಎಂದರು ವೀರಣ್ಣ.

"ಛಲೋ ಐತಿ ಅಂದ್ರ ನಿಮಗ ಸಿಟ್ಟು ಬರ್ತಿತ್ತು."

ಸ್ನೇಹಲತಾ ಕುರ್ಚಿಯನ್ನು ಎಳೆದು ಭುವನೇಶ್ವರಿಯ ಎದುರಿಗೆ ಹಾಕಿಕೊಂಡಳು. ಬರೆದದ್ದನ್ನೆಲ್ಲ ಅಳಿಸಿ, "ಅಕ್ಕಾ, ಎಷ್ಟು ಗಂಟೆಗೆ ಹೋಗಬೇಕು?" ಎಂದಳು.

"ಮುಂಜಾನೆ ಲಗೂನ ಹೋಗ್ರಿ. ಒಳಗಿನ ದೊಡ್ಡ ಚರ್ಚಿನಾಗ ಬಣ್ಣದ ಗಾಜು ಅದಾವ. ಬಿಸಿಲು ಬಂದ್ರ ಆ ಬಣ್ಣ ನೆಲದ ಮ್ಯಾಲೆ ಬೀಳ್ತಾವ. ತುಳೀಲಿಕ್ಕೆ ಮನಸಾಗೂದಿಲ್ಲ. ಹಿಂದ ಒಂದು ಓಣಿ ಐತಿ, ಗುಬ್ಬಿಗೂಡಿನಂಥ ಸಣ್ಣ ಸಣ್ಣ ಮನಿ..."

ವೀರಣ್ಣ ಮುಖ ಗಂಟಿಕ್ಕಿ, ಬಿಸ್ಕೀಟು ಕರಗಿದ ರಾಡಿ ಚಹಾವನ್ನು ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ತಡೆಯಲಾಗಲಿಲ್ಲ.

"ಎಷ್ಟು ಸಣ್ಣವು?" ಎಂದರು.

"ಸುಮ್ನ ಕೇಳ್ರಿ," ಎಂದರು ಭುವನೇಶ್ವರಿ, "ಹೇಳಾಕತ್ತೀನಲ್ಲ."