ಕೆಲಸಕ್ಕೆ ಬಂದ ಇಂಜಿನ್

ಜೀಪಿನ ಇಂಜಿನ್ನನ್ನು ಮನೆಯ ಅಂಗಳದಲ್ಲೇ ಬಿಚ್ಚಿ ಕಟ್ಟುತ್ತೇನೆ ಎಂದಾಗ ನನ್ನ ಯಜಮಾನರು ನಕ್ಕರು. ನಗಲಿ ಬಿಡಿ. ನಾನು ರಾಯಚೂರಿನ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವಳು. ನಾನು ರಿಪೇರಿ ಮಾಡಿ ಕಳಿಸಿದ ಬಸ್ಸು ದಾರಿಯಲ್ಲಿ ನಿಂತಿತೆಂದು ಇವತ್ತಿನವರೆಗೆ ಯಾರೂ ದೂರು ತಂದಿಲ್ಲ. ಬಸ್ಸಿನ ಇಂಜಿನ್ ಮುಂದೆ ಜೀಪಿನದು ಎಮ್ಮೆಯ ಮುಂದೆ ಮೇಕೆ ನಿಂತ ಹಾಗೆ. ಅವರಿಗೂ ಹಾಗೇ ಹೇಳಿದೆ. “ಮೇಕಿ ಹಾಯಂಗಿಲ್ಲ ಅಂತ ಯಾರ ಹೇಳ್ಯಾರ?” ಎಂದು ಅವರು ಪೇಪರ್ ತಿರುವಿದರು.

ಜೀಪು ನಮ್ಮಪ್ಪನದು. ದೇವದುರ್ಗ, ಸಿರವಾರ, ಮಾನ್ವಿ ಎಂದು ಅಪ್ಪ ಜೀವನವಿಡೀ ಅದರಲ್ಲಿ ಮಂದಿಯನ್ನು ಹೊತ್ತರು. ಒಳಗೆ ಹಿಡಿಸದವರು ಹಿಂದೆ ಜೋತುಬೀಳುತ್ತಿದ್ದರು. ಮಳೆಗಾಲದಲ್ಲಿ ಬಸ್ಸು ಹೋಗದ ಊರಿಗೂ ಅದು ಹೋಗುತ್ತಿತ್ತು. ನಾಲ್ಕೂ ಗಾಲಿ ಎಳೆಯುವ ಗಾಡಿ, ಯರೆಮಣ್ಣಿನ ಕೆಸರಿಗೆ ಹೆದರಿದ್ದೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಬೇವಿನ ಮರದ ಕೆಳಗೆ ಬಂದು ನಿಂತಿತು. ಕೋಳಿಗಳು ಸೀಟಿನ ಕೆಳಗೆ ಮೊಟ್ಟೆಯಿಡತೊಡಗಿದವು. ಗುಜರಿಯವರು ಕೇಳಿಕೊಂಡು ಬಂದಾಗಲೆಲ್ಲ ನನ್ನ ಜೊತೆಗೇ ಇರುವ ಅವ್ವ “ಅದು ಮಾರೂದಲ್ರೀ” ಎಂದು ಬಾಗಿಲಿಂದಲೇ ಕಳಿಸುತ್ತಿದ್ದಳು.

ನಾನು ಅದಕ್ಕೆ ಕೈ ಹಾಕಿದ್ದು ಅವ್ವನಿಗಾಗಿ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಮಸರಕಲ್‌ನ ಆಚೆ ಹೊಲದ ಮನೆಯಲ್ಲಿದ್ದಾಳೆ. ಅದು ಇಬ್ಬರ ತವರಿನ ಹೊಲ. ಎಳ್ಳಮಾವಾಸ್ಯೆಯ ದಿನ ಅಕ್ಕತಂಗಿ ಅಲ್ಲಿ ಸೇರಿ ಚರಗ ಚೆಲ್ಲಬೇಕು, ಅಂದರೆ ಭೂತಾಯಿಗೆಂದು ನಿಂತ ಬೆಳೆಯ ಮೇಲೆ ಎಡೆಯ ತುತ್ತು ಎರಚಬೇಕು. ಲಂಗ ತೊಟ್ಟ ಕಾಲದಿಂದ ಅವರು ಅದನ್ನು ತಪ್ಪಿಸಿರಲಿಲ್ಲ. ಹೋದ ವರ್ಷ ತಪ್ಪಿತು.

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬಿಗೆ ರಾಡ್ ಹಾಕಿಸಿಕೊಂಡಿದ್ದಳು. ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟು ಬಲ, ಅಷ್ಟೇ. ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಕಾಲುವೆ ನೀರು ಬಂದಾಗಿನಿಂದ ಆ ಹೊಲದ ದಾರಿ ಚಳಿಗಾಲದಲ್ಲೂ ಹಸಿ. ಹಳ್ಳದ ಹತ್ತಿರ ಕಾರು ಹೊಟ್ಟೆಯವರೆಗೆ ಹೂತು ಕೂತುಬಿಟ್ಟಿತು. ಕಾರು ಎಳೆಯಲು ಬಂದ ಟ್ರ್ಯಾಕ್ಟರ್ ಹತ್ತುವುದು ಅವ್ವನಿಂದ ಆಗದ ಮಾತು. ದೊಡ್ಡವ್ವನಿಗೆ ಮೊಣಕಾಲು ನೋವು, ಆ ಕೆಸರಲ್ಲಿ ನಡೆದು ಬರಲಾರಳು. ಕೂಗಳತೆಯ ದೂರದಲ್ಲಿ ಕೂತು ಅಕ್ಕತಂಗಿ ಫೋನಿನಲ್ಲಿ ಮಾತಾಡಿದರು. ದೊಡ್ಡವ್ವ ಕಳಿಸಿದ ಸಜ್ಜೆರೊಟ್ಟಿ, ಭಜ್ಜಿಪಲ್ಯವನ್ನು ಅವ್ವ ಕಾರಿನಲ್ಲೇ ಉಂಡಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಹಳ್ಳವನ್ನು ಲೆಕ್ಕಕ್ಕೇ ಇಡದ ಗಾಡಿಯನ್ನು ಮನೆಯಲ್ಲಿಟ್ಟುಕೊಂಡು ನಾವು ಕಾರು ಹುಡುಕಿದ್ದೆವು.

ಈ ಸಲ ಮಳೆ ನಿಂತ ಕೂಡಲೇ ಕೋಳಿಗಳನ್ನು ಎಬ್ಬಿಸಿದೆ. ಹೊಸ ಬ್ಯಾಟರಿ, ಹೊಸ ಡೀಸೆಲ್ ಹಾಕಿ ಸೆಲ್ಫ್ ಹೊಡೆದೆ. ಕೆಮ್ಮಿ, ನಡುಗಿ, ಹೇಗೋ ಚಾಲೂ ಆಯಿತು. ಓಣಿ ತುಂಬ ಹೊಗೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಬುಸುಬುಸು ಹೊಗೆ. ಸಿಲಿಂಡರುಗಳು ಸವೆದು ದಮ್ಮು ಹೋಗಿತ್ತು. ಆರಿಸಿ ಒಳಗೆ ಬಂದೆ.

“ಏನಾತಬೇ?” ಎಂದಳು ಅವ್ವ.

“ಇಂಜಿನ್ ಕೆಲಸಕ್ಕ ಬಂದದ ಯವ್ವಾ” ಎಂದು ಹೇಳಿ ಕೈ ತೊಳೆಯಲು ಹೋದೆ.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಈ ಮಾತಿಗೆ ಒಂದೇ ಅರ್ಥ: ಇಂಜಿನ್ ಸವೆದಿದೆ, ಪೂರಾ ಬಿಚ್ಚಿ ಕಟ್ಟಬೇಕು. ಗ್ಯಾರೇಜಿನ ಹೊರಗೆ ಕೆಲಸಕ್ಕೆ ಬಂತು ಎಂದರೆ ಉಪಯೋಗಕ್ಕೆ ಬಂತು ಎಂದರ್ಥ. ನಾನು ಸೋಪು ಹಚ್ಚಿ ಕೈ ತಿಕ್ಕುತ್ತಿರುವಾಗಲೇ ಒಳಗಿನಿಂದ ಅವ್ವನ ದನಿ ಕೇಳಿತು. ಫೋನಿನಲ್ಲಿ ಮಾತಾಡುವಾಗ ಅವಳದು ಊರಿಗೆಲ್ಲ ಕೇಳುವ ದನಿ.

“ಅಕ್ಕಾ, ಜೀಪು ಕೆಲಸಕ್ಕ ಬಂತು. ಎಳ್ಳಮಾಸಿಗಿ ಬರ್ತೀನಿ. ಹೂಂ ಮತ್ತ, ಹೊಲಕ್ಕ ಬರ್ತೀನಿ!”

ಯಜಮಾನರು ಪೇಪರ್ ಕೆಳಗಿಟ್ಟು ನನ್ನ ಮುಖ ನೋಡಿದರು. “ಹೇಳು ಈಗ, ಕೆಲಸಕ್ಕ ಬಂದದ ಅಂದ್ರ ಏನಂತ.” ನಾನು ಹೇಳಲೆಂದೇ ಬಾಗಿಲಿಗೆ ಹೋದೆ. ಅವ್ವನ ಮುಖ ನೋಡಿದೆ. ಬಿದ್ದಾಗಿನಿಂದ ಅವಳು ಹಾಗೆ ಹಿಗ್ಗಿದ್ದನ್ನು ನೋಡಿರಲಿಲ್ಲ. ಬಾಯಿಗೆ ಬಂದ ಮಾತು ನುಂಗಿಕೊಂಡು ಸ್ಪ್ಯಾನರ್ ತುಂಬಿದ ಪಾನಾಪೆಟ್ಟಿಗೆ ತರಲು ಹೋದೆ.

ಅವತ್ತಿನಿಂದ ಡಿಪೋ ಕೆಲಸ ಮುಗಿದ ಮೇಲಿನ ಸಂಜೆ, ರಜೆಯ ದಿನ, ಎಲ್ಲ ಜೀಪಿಗೇ. ಮೂರು ಕಬ್ಬಿಣದ ಕೊಳವೆ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ ಇಂಜಿನ್ ಮೇಲೆತ್ತಿದೆ. ದೂರದ ದಾರಿಗೆ ಮುಂಚೆ ತೊಳೆದು ಜೋಡಿಸುತ್ತಿದ್ದೇನೆ, ಅಷ್ಟೇ ಎಂದು ಅವ್ವನಿಗೆ ಹೇಳಿದೆ. ಓಣಿಯವರು ಹಬ್ಬಕ್ಕೆ ಬಂದವರ ಹಾಗೆ ನಿಂತು ನೋಡಿದರು. “ಬಿಚ್ಚೂದು ಯಾರಾದ್ರೂ ಬಿಚ್ತಾರ, ಜೋಡ್ಸೂದು ಐತಲ್ಲ...” ಎಂದು ಒಬ್ಬರು ರಾಗ ಎಳೆದರು. ಜೋಡಿಸುವ ದಿನ ಅವರನ್ನೇ ಮೊದಲು ಕರೆಯುತ್ತೇನೆ ಎಂದೆ. ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ರಟ್ಟಿನ ತುಂಡಿಗೆ ಚುಚ್ಚಿಟ್ಟೆ. ಪಿಸ್ಟನ್ನುಗಳನ್ನು ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟೆ. ನನ್ನ ಕೆಲಸದಲ್ಲಿ ಒಂದು ನಟ್ಟೂ ಉಳಿಯುವುದಿಲ್ಲ, ಉಳಿದರೆ ಅದು ನನ್ನ ಕೆಲಸವಲ್ಲ.

ಸಿಲಿಂಡರುಗಳಿರುವ ಬ್ಲಾಕು, ಅದರ ಮೇಲೆ ಮುಚ್ಚಿ ಕೂರುವ ಹೆಡ್ಡು ಎರಡನ್ನೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮಾನ್ವಿಗೆ ಹೋದೆ. ಅಲ್ಲಿಯ ಲೇತ್ ಅಂಗಡಿಯ ಚಾಚಾ ನಮ್ಮಪ್ಪನ ಕಾಲದವರು. ಬ್ಲಾಕಿಗೆ ಬೋರ್ ಹೊಡೆದು, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆದು, ಹೊಸ ಪಿಸ್ಟನ್ನಿಗೆ ಹೊಂದಿಸಲು ಅವರಿಗೆ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ಹೆಡ್ಡಿನಲ್ಲಿ. ಚಾಚಾ ಅದಕ್ಕೆ ಸೀಮೆಎಣ್ಣೆ ಬಳಿದು, ಒರೆಸಿ, ಮೇಲೆ ಸುಣ್ಣದ ಬಳಪದ ಪುಡಿ ಉದುರಿಸಿದರು. ಬಿಳಿ ಪುಡಿಯ ಮೇಲೆ ಸಣ್ಣ ಕಪ್ಪು ಗೆರೆಯೊಂದು ಮೆಲ್ಲಗೆ ಮೂಡಿತು. ಎರಡು ವಾಲ್ವಿನ ನಡುವೆ ಬಿರುಕು.

“ಇದಕ್ಕ ವೆಲ್ಡಿಂಗ್ ಮಾಡಿದ್ರ ನಾಕ ದಿನಾನೂ ಬಾಳಂಗಿಲ್ಲ ಬೇಟಿ. ಬ್ಯಾರೆ ಹೆಡ್ ತಾ” ಎಂದರು ಚಾಚಾ.

“ಎಲ್ಲಿ ಸಿಗ್ತದ್ರೀ ಈಗ?”

“ಸಿರವಾರದಾಗ ಕೇಳು. ಇಲ್ಲಂದ್ರ ಎಳ್ಳಮಾಸಿ ಬಿಟ್ಟು ಯುಗಾದಿ ನೋಡಕೊ.”

ಯುಗಾದಿ ಎಂದರೆ ಅವ್ವನ ಮುಖಕ್ಕೆ ನಾನು ಏನು ಹೇಳಲಿ? ಸಿರವಾರದ ಗುಜರಿಗಳನ್ನೆಲ್ಲ ತಿರುಗಿದೆ, ಸಿಗಲಿಲ್ಲ. ಕೊನೆಗೊಬ್ಬರು, ಮಲ್ಲಟದ ರೈತರೊಬ್ಬರ ಹೊಲದಲ್ಲಿ ನೀರೆತ್ತಲು ಇಟ್ಟ ಜೀಪಿನ ಇಂಜಿನ್ ಇದೆ, ಕರೆಂಟಿನ ಮೋಟಾರು ಬಂದ ಮೇಲೆ ಸುಮ್ಮನೆ ಬಿದ್ದಿದೆ ಎಂದರು. ಹೋದೆ. ಅದಕ್ಕೆ ಎರಡು ಟಗರು ಕಟ್ಟಿದ್ದರು.

“ಬೇಕಾದ್ರ ಒಯ್ಯವ್ವ. ಆದ್ರ ಬಿಚ್ಚಾಕ ನನ್ನ ಕಡಿ ಯಾರೂ ಇಲ್ಲ” ಎಂದರು ರೈತರು.

“ಟಗರು ಬಿಚ್ಚರ್ರಿ ಸಾಕು, ಉಳದದ್ದು ನಾ ಬಿಚ್ತೀನಿ” ಎಂದೆ.

ಹೆಡ್ಡಿನ ಬೋಲ್ಟುಗಳನ್ನು ಹೊರಗಿನಿಂದ ನಡುವಿಗೆ ಸಡಿಲಿಸುತ್ತ ಬರಬೇಕು, ಬಿಗಿಯುವಾಗ ನಡುವಿನಿಂದ ಹೊರಕ್ಕೆ. ನೋಡುತ್ತ ನಿಂತವರೊಬ್ಬರು ಎಲ್ಲಿಂದಾದರೇನು ಎಂದರು. ರೊಟ್ಟಿ ಬಡಿಯುವುದು ನಡುವಿನಿಂದ, ಮುರಿಯುವುದು ಅಂಚಿನಿಂದ ಅಲ್ಲೇನ್ರೀ ಎಂದು ಕೇಳಿದೆ. ಆಮೇಲೆ ಅವರೇ ನನಗೆ ಪಾನಾ ಎತ್ತಿ ಕೊಡತೊಡಗಿದರು. ಹೆಡ್ಡು ಬಂತು. ಮಾನ್ವಿಯಲ್ಲಿ ಮತ್ತೆ ಸೀಮೆಎಣ್ಣೆ, ಮತ್ತೆ ಸುಣ್ಣದ ಪುಡಿ. ಗೆರೆ ಮೂಡಲಿಲ್ಲ. ಚಾಚಾ ಚಹಾ ತರಿಸಿದರು, ನಾನು ಬಿಸಿಬಿಸಿ ಮಿರ್ಚಿಭಜಿ ತರಿಸಿದೆ.

ವಾಲ್ವುಗಳನ್ನು ಅವುಗಳ ಕುಳಿಗೆ ಕೂರುವಂತೆ ಉಜ್ಜುವ ಕೆಲಸ ಅವ್ವ ಮಾಡಿದಳು. ನಾನು ಕೇಳಿರಲಿಲ್ಲ. ಮಂಚದ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿ “ಇತ್ತ ಕೊಡು” ಎಂದಳು. ವಾಲ್ವಿನ ಅಂಚಿಗೆ ಉಜ್ಜುವ ಪೇಸ್ಟು ಹಚ್ಚಿ, ತಲೆಗೆ ಕೋಲು ಅಂಟಿಸಿ, ಎರಡು ಅಂಗೈ ನಡುವೆ ಹಿಂದೆ ಮುಂದೆ ತಿರುಗಿಸಬೇಕು. ಕಡಗೋಲು ಹಿಡಿದು ಮಜ್ಜಿಗೆ ಕಡೆದ ಕೈಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಹೆಡ್ಡನ್ನು ಮುಂದಿಟ್ಟುಕೊಂಡು ಸರಸರ ಎಂದು ತಿರುಗಿಸಿದಳು, ನಡುನಡುವೆ ಎತ್ತಿ ನೋಡಿದಳು. ಎಲ್ಲ ಮುಗಿದ ಮೇಲೆ ವಾಲ್ವು ಕೂರಿಸಿ ಮೇಲೆ ಸೀಮೆಎಣ್ಣೆ ಸುರಿದೆ. ಒಂದು ಹನಿಯೂ ಕೆಳಗಿಳಿಯಲಿಲ್ಲ. ನಮ್ಮ ಡಿಪೋದಲ್ಲಿ ಇಷ್ಟು ಚೊಕ್ಕ ಕೆಲಸ ಮಾಡುವವರು ಬಹಳ ಇಲ್ಲ, ಅವರಲ್ಲಿ ಒಬ್ಬಳು ನಾನೇ.

ಜೋಡಿಸುವ ದಿನ ರಾಗ ಎಳೆದವರನ್ನು ಹೇಳಿದಂತೆ ಕರೆದೆ. ಕ್ರ್ಯಾಂಕು, ಪಿಸ್ಟನ್ನು, ಹೆಡ್ಡು, ಪಂಪು, ಒಂದೊಂದಾಗಿ ತಮ್ಮ ಜಾಗ ಹುಡುಕಿಕೊಂಡು ಕೂತವು. ಸೆಲ್ಫ್ ಹೊಡೆದೆ. ತಿರುಗಿತು, ಹೊತ್ತಲಿಲ್ಲ. ಮತ್ತೆ ಹೊಡೆದೆ, ಇಲ್ಲ. ಅವರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದ ಅವ್ವ “ಹವಾ ಹಿಡದಿರಬೇಕು, ತಗದು ನೋಡು” ಎಂದಳು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಹೀಗಾಗುತ್ತದೆ. ನಾನು ಅದನ್ನೇ ಮಾಡುವವಳಿದ್ದೆ, ಅವ್ವ ಒಂದು ಉಸಿರು ಮುಂಚೆ ಹೇಳಿದಳು ಅಷ್ಟೇ. ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಬರುವವರೆಗೆ ಪಂಪ್ ಮಾಡಿ ಬಿಗಿದೆ. ಈ ಸಲ ಕೀಲಿ ತಿರುಗಿಸಿದ ಕೂಡಲೇ ಇಂಜಿನ್ ಹೊತ್ತಿತು. ಮೊದಲು ಬಿಳಿ ಹೊಗೆ, ಆಮೇಲೆ ಅದೂ ಇಲ್ಲ. ಯಜಮಾನರು ಬಾನೆಟ್ಟಿನ ಮೇಲೆ ನೀರು ತುಂಬಿದ ಲೋಟ ಇಟ್ಟು ನೋಡಿದರು. ನೀರು ಅಲುಗಿತು, ಚೆಲ್ಲಲಿಲ್ಲ. “ಮೇಕಿ ಹಾಯಲಿಲ್ಲ ನೋಡು” ಎಂದರು. ನನಗೆ ಅಪ್ಪ ನೆನಪಾದರು. ಅದೇ ಸದ್ದು, ಓಣಿಯ ತಿರುವಿನಲ್ಲಿ ಕೇಳಿದರೆ ನಾವು ಮಕ್ಕಳು ಹೊರಗೆ ಓಡುತ್ತಿದ್ದ ಸದ್ದು. ಕಣ್ಣೊರೆಸಿಕೊಂಡೆ, ಡೀಸೆಲ್ ಹತ್ತಿದ ಕೈಯಲ್ಲಿ ಒರೆಸಿಕೊಂಡದ್ದಕ್ಕೆ ಇನ್ನಷ್ಟು ಉರಿಯಿತು.

ಅಮಾವಾಸ್ಯೆಯ ಬೆಳಿಗ್ಗೆ ಅವ್ವನನ್ನು ಮುಂದಿನ ಸೀಟಿನಲ್ಲಿ ದಿಂಬು ಇಟ್ಟು ಕೂರಿಸಿದೆವು. ಯಜಮಾನರು ಅಡುಗೆಯ ಬುಟ್ಟಿ ತಬ್ಬಿಕೊಂಡು ಹಿಂದೆ ಕೂತರು. ಹೊಸ ಬೋರಿನ ಇಂಜಿನ್ನನ್ನು ಮೊದಮೊದಲು ಓಡಿಸಬಾರದು, ನಡೆಸಬೇಕು. ದೇವದುರ್ಗದ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಹೋಗಲಿ ಬಿಡಿ ಎಂದು ಬಿಟ್ಟುಕೊಟ್ಟೆ. ಮಸರಕಲ್ ದಾಟಿ ಹೊಲದ ದಾರಿಗೆ ಇಳಿದೆವು. ಹಳ್ಳ ಬಂತು. ಹೋದ ವರ್ಷ ಕಾರು ಕೂತ ಜಾಗ. ಅವ್ವ ಎದುರಿನ ಹಿಡಿಕೆ ಗಟ್ಟಿಯಾಗಿ ಹಿಡಿದಳು. ನಾಲ್ಕೂ ಗಾಲಿಗೆ ಎಳೆತ ಕೊಟ್ಟು, ಮೊದಲ ಗೇರಿನಲ್ಲಿ, ಕಾಲು ಅಲುಗಿಸದೆ ಬಿಟ್ಟೆ. ಜೀಪು ಎಡಕ್ಕೆ ವಾಲಿತು, ಕೆಸರು ಗಾಜಿಗೆ ರಾಚಿತು, ಇಂಜಿನ್ ಒಂದೇ ದನಿಯಲ್ಲಿ ದುಡಿಯಿತು. ಆಚೆ ದಡ ಹತ್ತಿದಾಗ ನಾನು ಜೋರಾಗಿ ಕೇಕೆ ಹಾಕಿದೆ.

ದೊಡ್ಡವ್ವ ಬದುವಿನ ಮೇಲೆ ನಿಂತಿದ್ದಳು. ಸದ್ದು ಕೇಳಿಯೇ ಎದ್ದು ಬಂದಿದ್ದಳು. ಅಪ್ಪಿಕೊಳ್ಳುವುದು, ಅಳುವುದು ಏನೂ ಆಗಲಿಲ್ಲ. “ಎಷ್ಟು ಸೊರಗೀದಿಯಲ್ಲಬೇ, ಇಕಿ ನಿನಗ ಕೂಳು ಹಾಕ್ತಾಳೋ ಇಲ್ಲೋ?” ಎಂದು ನನ್ನನ್ನು ತೋರಿಸಿ ಬೈದಳು. ಬೈಯುತ್ತಲೇ ತಂಗಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬಿಡದೆ ಹಾಗೇ ನಿಂತಳು. ಅವ್ವನಿಗೆ ಜೋಳದ ಸಾಲಿನಲ್ಲಿ ನಡೆಯಲು ಆಗುತ್ತಿರಲಿಲ್ಲ. ಜೀಪನ್ನೇ ಬದುವಿನ ಗುಂಟ ಒಯ್ದೆ. ದೊಡ್ಡವ್ವ ಹಿಂದೆ ಹತ್ತಿ ಕೂತಳು. ಅವ್ವ ಗಾಜಿನ ಚೌಕಟ್ಟು ಹಿಡಿದು ಎದ್ದು ನಿಂತು ಒಂದು ಕಡೆ, ಅಕ್ಕ ಕೂತಲ್ಲಿಂದಲೇ ಇನ್ನೊಂದು ಕಡೆ, ಹೊಲದ ಸುತ್ತ ಚರಗ ಚೆಲ್ಲಿದರು. ದೊಡ್ಡವ್ವ ಕೊನೆಯ ತುತ್ತನ್ನು ಜೀಪಿನ ಬಾನೆಟ್ಟಿನ ಮೇಲೂ ಹಾಕಿಸಿದಳು. ಆಮೇಲೆ ಹೋದ ವರ್ಷದ್ದೂ ಸೇರಿಸಿ ಉಂಡೆವು.

ವಾಪಸ್ ಬರುವಾಗ ಹಳ್ಳ ದಾಟಿ, ಏರು ಹತ್ತಿ ಎರಡನೇ ಗೇರಿಗೆ ಹಾಕಿದೆ. ಅವ್ವ ಕಿವಿಗೊಟ್ಟು ಕೇಳಿದಳು.

“ಎರಡನೇ ಗೇರಿನ್ಯಾಗ ಒದರಾಕತ್ತದ ನೋಡು. ಗೇರ್‌ಬಾಕ್ಸ್ ಕೆಲಸಕ್ಕ ಬಂದದ.”

“ಹೂಂ, ಬಂದದ” ಎಂದೆ. ಸ್ವಲ್ಪ ದೂರ ಹೋದ ಮೇಲೆ ಬ್ರೇಕ್ ಹಾಕಿ ಅವಳ ಕಡೆ ತಿರುಗಿದೆ. “ಯವ್ವಾ, ಕೆಲಸಕ್ಕ ಬಂದದ ಅಂದ್ರ ಏನು?”

“ಬಿಚ್ಚಿ ಕಟ್ಟಬೇಕು ಅಂತ.”

“ಮತ್ತ ಅವತ್ತು ದೊಡ್ಡವ್ವಗ ಏನ ಹೇಳಿದಿ?”

ಅವ್ವ ಸೆರಗು ಸರಿಮಾಡಿಕೊಂಡಳು. “ನಿಮ್ಮಪ್ಪನ ಬಾಯಾಗ ದಿನಾ ಕೇಳಿದ ಮಾತು ನನಗ ತಿಳಿಯಂಗಿಲ್ಲೇನು? ನೀನೂ ಆತನಂಗ. ಮಾಡ್ತೀನಿ ಮಾಡ್ತೀನಿ ಅಂತ ವರ್ಷ ದೂಡ್ತಿದ್ದ. ಯಾರಿಗರೆ ಮಾತು ಕೊಟ್ರ ಮಾತ್ರ ಮಾಡ್ತಿದ್ದ. ಅದಕ್ಕ ನಿನ್ನ ಮಾತು ನಾ ಕೊಟ್ಟೆ.” ಆಮೇಲೆ ಹೊಲದ ಕಡೆ ನೋಡುತ್ತ ಸಣ್ಣ ದನಿಯಲ್ಲಿ, “ಇನ್ನೊಂದು ವರ್ಷ ದೂಡಾಕ ಅಕ್ಕಗೂ ನನಗೂ ಆಗ್ತಿದ್ದಿಲ್ಲವ್ವ” ಎಂದಳು.

ಹಿಂದಿನ ಸೀಟಿನಲ್ಲಿ ಖಾಲಿ ಬುಟ್ಟಿ ತಬ್ಬಿಕೊಂಡಿದ್ದ ಯಜಮಾನರು ನಗತೊಡಗಿದರು. ಇಷ್ಟು ದಿನ ಇಂಜಿನ್ ಸವೆದದ್ದು ಅವ್ವನಿಗೆ ತಿಳಿಯದಂತೆ ಗುಟ್ಟು ಕಾಪಾಡಿದೆನೆಂದು ಬೀಗಿದವಳು ನಾನು. ನನಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಗಾಡಿ ಮುಂದೆ ಬಿಟ್ಟೆ.

ಡಾಂಬರು ರಸ್ತೆ ಸಿಕ್ಕಿತು. ಅವ್ವ ಚೀಲದಿಂದ ಫೋನ್ ತೆಗೆದು ನನ್ನ ಕಡೆ ಚಾಚಿದಳು, ದೊಡ್ಡವ್ವನ ನಂಬರು ಹಚ್ಚಿಕೊಡು ಎಂದು. ಹಚ್ಚಿಕೊಟ್ಟೆ.

“ಅಕ್ಕಾ, ಗೇರ್‌ಬಾಕ್ಸೂ ಕೆಲಸಕ್ಕ ಬಂತು” ಎಂದಳು, ಊರಿಗೆಲ್ಲ ಕೇಳುವ ದನಿಯಲ್ಲಿ. “ಯುಗಾದಿಗಿ ಬರ್ತೀನಿ.”